ಸಹಾಯ ಬೇಕು: ನಿತ್ಯಪುಷ್ಪದ ಎಲೆಯಿಂದ ಶುದ್ಧ ಡಿಎನ್‌ಎ ತೆಗೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬಿಳಿ ಮತ್ತು ಗುಲಾಬಿ ಹೂವಿನ ನಿತ್ಯಪುಷ್ಪ ಗಿಡಗಳನ್ನು ಹೋಲಿಸಿ ನೋಡುತ್ತಿದ್ದೇನೆ. ಸಿಟಿಎಬಿ (ಜೀವಕೋಶ ಒಡೆಯುವ ಒಂದು ಮಾರ್ಜಕ) ವಿಧಾನದಲ್ಲಿ ತೆಗೆದ ಡಿಎನ್‌ಎ ಕಂದು ಬಣ್ಣಕ್ಕೆ ತಿರುಗಿ ಅಂಟಂಟಾಗುತ್ತದೆ, ಪಿಸಿಆರ್ (ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ಕ್ರಿಯೆ) ಆಗುವುದೇ ಇಲ್ಲ. ಎಲೆಯಲ್ಲಿರುವ ಫೀನಾಲ್ ರಾಸಾಯನಿಕಗಳ ಕಾಟ ಅನ್ನಿಸುತ್ತದೆ. ಎಳೆ ಎಲೆಯನ್ನೇ ಬಳಸುತ್ತಿದ್ದೇನೆ, ಫೀನಾಲ್ ಹಿಡಿದಿಡುವ ಪಿವಿಪಿ ಪುಡಿಯನ್ನು 2% ಕೂಡ ಹಾಕುತ್ತಿದ್ದೇನೆ. ಉಪ್ಪಿನ ಪ್ರಮಾಣ ಜಾಸ್ತಿ ಮಾಡಿದರೆ ಅಂಟು ಹೋಗುತ್ತಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಇದೇ ಗಿಡದ ಬಗ್ಗೆ ಇನ್ನೊಂದು ವಿಷಯ. ಕ್ಯಾನ್ಸರ್ ಔಷಧ ವಿನ್‌ಬ್ಲಾಸ್ಟಿನ್ ಹುಟ್ಟುವುದು ಇದರಲ್ಲಿನ ವಿಂಡೋಲಿನ್ ಮತ್ತು ಕ್ಯಾಥರಾಂಥಿನ್ ಎಂಬ ಎರಡು ರಾಸಾಯನಿಕಗಳು ಸೇರಿದಾಗ. ಕ್ಯಾಥರಾಂಥಿನ್ ಹೆಚ್ಚಾಗಿ ಎಲೆಯ ಮೇಲಿನ ಮೇಣದ ಪದರದಲ್ಲಿರುತ್ತದೆ, ವಿಂಡೋಲಿನ್ ಒಳಗಿನ ಜೀವಕೋಶಗಳಲ್ಲಿ. ಎಂಥಾ ಅಚ್ಚುಕಟ್ಟು ಏರ್ಪಾಡು! ಹಾಗಾದರೆ ಎಲೆಯನ್ನು ಕ್ಲೋರೋಫಾರ್ಮ್‌ನಲ್ಲಿ ಸುಮ್ನೆ ಅದ್ದಿದರೆ ಕ್ಯಾಥರಾಂಥಿನ್ ಬೇರೆಯಾಗಿ ಸಿಗಬೇಕು ಅಲ್ವಾ? ಒಳಗಿನದು ಹೊರಬರದಂತೆ ಎಷ್ಟು ಹೊತ್ತು ಅದ್ದುತ್ತೀರಿ?