ಅಪ್‌ಡೇಟ್: ಒಲಿ ಮ್ಯಾಲೆ ಮರೆತ ಹಾಲು ಕುಂದಾ ಆತು

ಸಣ್ಣ ಉರಿ ಮ್ಯಾಲೆ ಮರೆತ 2 ಲೀಟರ್ ಎಮ್ಮಿ ಹಾಲು ಅರ್ಧಕ್ಕಿಂತ ಕಡಿಮಿ ಆಗಿ ಕೆಂಪಗಾಗೇತಿ, ಚೆಲ್ಲಬೇಕೇನ್ರಿ ಅಂತ ಕೇಳಿದ್ದೆ. ಚೆಲ್ಲಬ್ಯಾಡ್ರಿ, ಬೆಳಗಾವಿ ಕುಂದಾ (ಹಾಲು ಬತ್ತಿಸಿ ಮಾಡೋ ಸಿಹಿ) ಮಾಡ್ರಿ ಅಂದವರಿಗೆಲ್ಲ ಧನ್ಯವಾದ. ಆ ಕೆಂಪು ಕೆಟ್ಟ ಗುರ್ತು ಅಲ್ಲ. ಹಾಲಿನೊಳಗಿನ ಸಕ್ಕರಿ, ಪ್ರೋಟೀನ್ ಕೂಡಿ ಕಾಯ್ದು ಬರೋ ಬಣ್ಣ, ಕುಂದಾದ ಘಮಾನೂ ಅದ.

ಮೊದಲು ತಳ ಕೆರೆಯದಂಗ ಹಾಲನ್ನ ಬ್ಯಾರೆ ದಪ್ಪ ತಳದ ಪಾತ್ರಿಗೆ ಬಗ್ಗಿಸ್ರಿ. ಸೀದದ್ದು ಚೂರು ಕೂಡಿದ್ರೂ ವಾಸನಿ ಹೋಗೂದಿಲ್ಲ. ಮುಕ್ಕಾಲು ಲೀಟರಿಗೆ ಇಳಿದಾಗ 2 ಚಮಚ ಮೊಸರು ಹಾಕಿದ್ರ ಹಾಲು ಸಣ್ಣ ಕಾಳುಕಾಳಾಗಿ ಒಡೀತೈತಿ. ಕುಂದಾದ ರವೆರವೆ ಬರೋದು ಇಲ್ಲಿಂದನ. ಮೊಸರು ಹೆಚ್ಚಾದ್ರ ಹುಳಿ.

ಸಕ್ಕರಿ 150 ಗ್ರಾಂ. 100 ಗ್ರಾಂ ನೇರ ಹಾಕ್ರಿ, ಉಳಿದ 50 ಗ್ರಾಂ ಬಾಣಲಿಯೊಳಗ ಕರಗಿಸಿ ಜೇನಿನ ಬಣ್ಣಕ್ಕ ತಂದು ಸುರೀರಿ. ಕಪ್ಪಾದ್ರ ಕಹಿ. ಸುರಿವಾಗ ಸಿಡೀತೈತಿ, ಉರಿ ಆರಿಸಿರಬೇಕು.

ಆಮ್ಯಾಲೆ ಮತ್ತ ಸಣ್ಣ ಉರಿ ಹಚ್ಚಿ ಸುಮಾರು 20 ನಿಮಿಷ ಕೈ ಬಿಡದಂಗ ತಿರುವ್ರಿ. ತುಪ್ಪ ಅಂಚಿಗೆ ಬಿಟ್ಟು, ಸೌಟು ಎಳೆದ ಗೆರಿ ಕೂಡಲೇ ಮುಚ್ಚದಿದ್ರ ಇಳಿಸ್ರಿ. ಆರಿದ ಮ್ಯಾಲೆ ಇನ್ನೂ ಗಟ್ಟಿ ಆಗತೈತಿ.