ಉಪವಾಕ್ಯದೊಳಗೇ ಸೂಚ್ಯಾರ್ಥ ಹುಟ್ಟುತ್ತದೆಯೇ?

ಪ್ರಶ್ನೆ (ಮಡಿಕೇರಿ): ತೋಟದ ರೈಟರು (ಕೆಲಸದ ಉಸ್ತುವಾರಿ ನೋಡುವವರು) ‘ಕೆಲವು ಗಿಡಗಳು ಹೂ ಬಿಟ್ಟಿವೆ’ ಎಂದರೆ, ಎಲ್ಲವೂ ಬಿಟ್ಟಿಲ್ಲವೆಂದು ತಿಳಿಯುತ್ತೇವೆ, ಬಿಟ್ಟಿದ್ದರೆ ಹಾಗೆಯೇ ಹೇಳುತ್ತಿದ್ದರು ಎಂಬುದು ಭಾಷಾತತ್ತ್ವಜ್ಞ ಪಾಲ್ ಗ್ರೈಸ್ ಮಾರ್ಗದ ವಿವರಣೆ; ಹೀಗೆ ಬಾಯಿಬಿಟ್ಟು ಹೇಳದೆಯೇ ತಿಳಿಯುವುದು ಸೂಚ್ಯಾರ್ಥ. ಆದರೆ ‘ಕೆಲವು ಗಿಡಗಳು ಹೂ ಬಿಟ್ಟಿದ್ದರೆ ಇನ್ನೊಮ್ಮೆ ಸ್ಪ್ರಿಂಕ್ಲರ್ ಹಾಕಿ, ಎಲ್ಲವೂ ಬಿಟ್ಟಿದ್ದರೆ ಬೇಡ’ ಎಂಬಲ್ಲಿ ಹೂವಿನ ಬಗ್ಗೆ ಯಾರೂ ಏನನ್ನೂ ಸಾರಿಲ್ಲವಲ್ಲ, ಆ ಅರ್ಥ ಎಲ್ಲಿಂದ ಬಂತು?

ಉತ್ತರ (ವಿರಾಜಪೇಟೆ): ತೊಡಕಿರುವುದು ಅಲ್ಲಿಯೇ. ಗ್ರೈಸ್ 1967ರ ಉಪನ್ಯಾಸಗಳಲ್ಲಿ ಆಡಿದ ಇಡೀ ಮಾತಿನಿಂದ ಊಹೆಗೆ ತೊಡಗುತ್ತಾರೆ. ಆದರೆ ಇಲ್ಲಿ ‘ಕೆಲವು’ ಇರುವುದು ‘ಬಿಟ್ಟಿದ್ದರೆ’ ಎಂಬ ಉಪವಾಕ್ಯದೊಳಗೆ; ಅದರಲ್ಲಿ ‘ಎಲ್ಲವೂ’ ಸೇರಿದೆಯೆಂದು ಹಿಡಿದರೆ, ಎಲ್ಲ ಗಿಡವೂ ಹೂ ಬಿಟ್ಟ ದಿನ ನಿಮ್ಮ ಎರಡು ಸೂಚನೆಗಳು ಪರಸ್ಪರ ಡಿಕ್ಕಿ ಹೊಡೆಯುತ್ತವೆ. 2004ರಲ್ಲಿ ಭಾಷಾವಿಜ್ಞಾನಿ ಜೆನ್ನಾರೊ ಕಿಯೆರ್ಕಿಯಾ, ವಾಕ್ಯ ಕಟ್ಟಿಕೊಳ್ಳುವ ಹಂತಹಂತದಲ್ಲೇ ಸೂಚ್ಯಾರ್ಥವೂ ಸೇರುತ್ತದೆಂದು ವಾದಿಸಿದರು. ಅನಂತರದ ವ್ಯಾಕರಣವಾದಿಗಳು (ಈ ಅರ್ಥ ಕೇಳುಗರ ಊಹೆಯಿಂದಲ್ಲ, ವ್ಯಾಕರಣದಿಂದಲೇ ಬರುತ್ತದೆ ಎನ್ನುವವರು) ಉಪವಾಕ್ಯದೊಳಗೆ ‘ಮಾತ್ರ’ದಂಥ, ಕಿವಿಗೆ ಕೇಳಿಸದ ಅಂಶವೊಂದನ್ನು ಕಲ್ಪಿಸಿದರು.

ಉತ್ತರ (ಸೋಮವಾರಪೇಟೆ): ಬೇಕೆಂದಲ್ಲಿ ಪ್ರತ್ಯಕ್ಷವಾಗುವ ಆ ಅಂಶ ನನಗೆ ತೀರ ಅನುಕೂಲದ ಪರಿಹಾರವಾಗಿ ಕಾಣುತ್ತದೆ. ‘ಕೆಲವು ಗಿಡಗಳಿಗೆ ಕಾಂಡಕೊರಕ ತಗುಲಿದ್ದರೆ ತಿಳಿಸಿ’ ಎಂದಾಗ, ಎಲ್ಲಕ್ಕೂ ತಗುಲಿದೆಯೆಂದು ಯಾವ ರೈಟರೂ ಸುಮ್ಮನಿರುವುದಿಲ್ಲ. ನಿಮ್ಮ ಉದಾಹರಣೆಯಲ್ಲಿ ಆ ಅರ್ಥವನ್ನು ಬಲವಂತವಾಗಿ ತಂದಿರುವುದು ಎರಡನೆಯ ಸೂಚನೆಯೇ.