‘ಕಿವಿರು ಕಮಾನು’ ಎಂಬ ಪದ ಮಾನವ ಭ್ರೂಣಕ್ಕೆ ಸಲ್ಲುತ್ತದೆಯೇ?

ಮಾನವಶಾಸ್ತ್ರದ ವಿದ್ಯಾರ್ಥಿಗಳಿಗಾಗಿ ಜನನಪೂರ್ವದ ಅಂಗರಚನೆಯನ್ನು ಕನ್ನಡದಲ್ಲಿ ವಿವರಿಸುವಾಗ ಎದುರಾಗುವ ಒಂದು ಪಾರಿಭಾಷಿಕ ತೊಡಕನ್ನು ಬಲ್ಲವರ ಮುಂದಿಡುತ್ತಿದ್ದೇನೆ. ಫಲೀಕರಣವಾದ ನಾಲ್ಕನೆಯ ವಾರದಲ್ಲಿ (ವೈದ್ಯರು ಕೊನೆಯ ಮುಟ್ಟಿನಿಂದ ಎಣಿಸುವುದರಿಂದ ಅವರ ಲೆಕ್ಕಕ್ಕೆ ಇದು ಆರನೆಯ ವಾರ) ಭ್ರೂಣದ ತಲೆಯ ಕೆಳಗೆ, ಮುಂದೆ ಮುಖ ಮತ್ತು ಕತ್ತು ಆಗಲಿರುವ ಭಾಗದ ಎರಡೂ ಪಕ್ಕಗಳಲ್ಲಿ, ಒಂದರ ಹಿಂದೊಂದು ದಿಂಡುಗಳು ಮೂಡುತ್ತವೆ. ಇವನ್ನು ‘ಕಿವಿರು ಕಮಾನು’ ಎಂದೂ ಇವುಗಳ ನಡುವಿನ ತಗ್ಗುಗಳನ್ನು ‘ಕಿವಿರು ಸೀಳು’ ಎಂದೂ ಕರೆಯುವ ರೂಢಿಯಿದೆ. ಆದರೆ ಮನುಷ್ಯನ ಭ್ರೂಣದಲ್ಲಿ ಯಾವ ಹಂತದಲ್ಲಿಯೂ ಕಿವಿರು ಇರುವುದಿಲ್ಲ. ಹೀಗಿರುವಾಗ ಈ ಪದವನ್ನು ಉಳಿಸಿಕೊಳ್ಳಬೇಕೇ ಅಥವಾ ‘ಗಂಟಲ ಕಮಾನು’ ಎಂಬಂತಹ ಬೇರೊಂದನ್ನು ನೆಲೆಗೊಳಿಸಬೇಕೇ ಎಂಬುದು ನನ್ನ ಪ್ರಶ್ನೆ.

ಹೆಸರಿನ ಹಿನ್ನೆಲೆ ಹಳೆಯದು. 1825ರಲ್ಲಿ ಜರ್ಮನ್ ಭ್ರೂಣಶಾಸ್ತ್ರಜ್ಞ ಮಾರ್ಟಿನ್ ರಾಥ್ಕೆ ಹಂದಿಯ ಭ್ರೂಣದಲ್ಲಿ ಈ ರಚನೆಗಳನ್ನು ಗುರುತಿಸಿ, ಮೀನಿನ ಕಿವಿರುಗಳಿಗೆ ಹೋಲಿಸಿದನು. ಆ ಹೋಲಿಕೆಗೆ ಆಧಾರವಿತ್ತು, ಏಕೆಂದರೆ ಮೀನಿನ ಭ್ರೂಣದಲ್ಲಿಯೂ ಇಂತಹವೇ ಕಮಾನುಗಳಿದ್ದು, ಹಿಂದಿನವುಗಳಿಂದ ಕಿವಿರುಗಳು ರೂಪುಗೊಳ್ಳುತ್ತವೆ. ಮೂರು ವರ್ಷಗಳ ಬಳಿಕ ಇನ್ನೊಬ್ಬ ಭ್ರೂಣಶಾಸ್ತ್ರಜ್ಞ ಕಾರ್ಲ್ ಎರ್ನ್ಸ್ಟ್ ಫಾನ್ ಬೇರ್, ಒಂದು ಪ್ರಾಣಿಯ ಭ್ರೂಣವು ಬೇರೊಂದು ಪ್ರಾಣಿಯ ಭ್ರೂಣವನ್ನು ಹೋಲುತ್ತದೆಯೇ ಹೊರತು ಬೆಳೆದ ಪ್ರಾಣಿಯನ್ನಲ್ಲ ಎಂದು ಸ್ಪಷ್ಟಪಡಿಸಿದನು. 1866ರಲ್ಲಿ ಜರ್ಮನ್ ಜೀವಶಾಸ್ತ್ರಜ್ಞ ಎರ್ನ್ಸ್ಟ್ ಹೆಕೆಲ್ ಈ ಎಚ್ಚರಿಕೆಯನ್ನು ಬದಿಗೊತ್ತಿ, ಪ್ರತಿ ಜೀವಿಯೂ ತನ್ನ ಬೆಳವಣಿಗೆಯಲ್ಲಿ ಪೂರ್ವಜರ ಹಂತಗಳನ್ನು ಮತ್ತೆ ಹಾದುಬರುತ್ತದೆ ಎಂಬ ನಿಯಮವನ್ನು ಪ್ರಚಾರ ಮಾಡಿದಾಗ ಹೋಲಿಕೆಗೆಂದು ಬಂದಿದ್ದ ಹೆಸರು ಸಾಕ್ಷ್ಯದ ಸ್ಥಾನಕ್ಕೆ ಏರಿಬಿಟ್ಟಿತು. ‘ನಾವೆಲ್ಲ ಒಮ್ಮೆ ಮೀನಾಗಿದ್ದೆವು’ ಎಂಬ ಮಾತು ತರಗತಿಗಳಲ್ಲಿ ಇಂದಿಗೂ ಕೇಳಿಬರುವುದಕ್ಕೆ ಈ ಪದವೂ ಒಂದು ಕಾರಣವೆಂದು ನನಗೆ ತೋರುತ್ತದೆ.

ಕಮಾನುಗಳಿಂದ ವಾಸ್ತವವಾಗಿ ಆಗುವುದೇನೆಂದು ನೋಡಿದರೆ ಪದದ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ. ಮೊದಲನೆಯ ಕಮಾನಿನಿಂದ ಕೆಳದವಡೆ, ಆಹಾರವನ್ನು ಅಗಿಯುವ ಸ್ನಾಯುಗಳು ಮತ್ತು ನಡುಗಿವಿಯ ಸುತ್ತಿಗೆ, ಅಡಿಗಲ್ಲು ಎಂಬ ಎರಡು ಕಿರುಮೂಳೆಗಳು ರೂಪುಗೊಳ್ಳುತ್ತವೆ. ಮೂರನೆಯ ಕಿರುಮೂಳೆಯಾದ ರಿಕಾಪಿನ ಬಹುಭಾಗವೂ, ನಗು, ಮುನಿಸು, ಅಚ್ಚರಿಗಳನ್ನು ಮುಖದ ಮೇಲೆ ತೋರಿಸುವ ಸ್ನಾಯುಗಳೂ ಎರಡನೆಯದರಿಂದ ಬರುತ್ತವೆ. ಹಿಂದಿನ ಕಮಾನುಗಳು ಧ್ವನಿಪೆಟ್ಟಿಗೆಯ ಮೃದ್ವಸ್ಥಿಗಳನ್ನು ಒದಗಿಸುತ್ತವೆ. ಅಗಿಯುವುದು, ಕೇಳುವುದು, ಭಾವವನ್ನು ಮುಖದಲ್ಲಿ ತೋರುವುದು, ಮಾತನಾಡುವುದು ಇವೆಲ್ಲವೂ ಮಾನವಶಾಸ್ತ್ರದ ವಿದ್ಯಾರ್ಥಿಗೆ ನೇರವಾಗಿ ಸಂಬಂಧಿಸಿದ ವಿಷಯಗಳಾಗಿದ್ದು, ಇವುಗಳ ಮೂಲವನ್ನು ಉಸಿರಾಟದ ಅಂಗವೊಂದರ ಹೆಸರಿನಲ್ಲಿ ಕಲಿಸುವುದು ವಿಚಿತ್ರವಾಗಿದೆ.

‘ಸೀಳು’ ಎಂಬುದಂತೂ ಇನ್ನೂ ದುರ್ಬಲ. ಹೊರಗಿನಿಂದ ಒಳಕ್ಕೆ ಒಂದು ತೋಡು, ಗಂಟಲಿನ ಒಳಗಿನಿಂದ ಹೊರಕ್ಕೆ ಒಂದು ಚೀಲ, ಇವೆರಡರ ನಡುವೆ ತೆಳುವಾದ ಪೊರೆ, ಇದು ಅಲ್ಲಿನ ರಚನೆ. ಮೀನಿನಲ್ಲಿ ಆ ಪೊರೆ ಹರಿದು ದಾರಿಯಾಗುತ್ತದೆ, ಮನುಷ್ಯನಲ್ಲಿ ಸಾಮಾನ್ಯವಾಗಿ ಹರಿಯುವುದಿಲ್ಲ. ಮೊದಲನೆಯ ತೋಡು ಹೊರಗಿವಿಯ ನಾಳವಾಗುತ್ತದೆ, ಅದರ ಎದುರಿನ ಚೀಲ ನಡುಗಿವಿಯ ಕುಹರವಾಗುತ್ತದೆ, ಮತ್ತು ನಡುವಿನ ಪೊರೆಯ ಜಾಗದಲ್ಲಿ ಕಿವಿದಮಟೆ ನಿಲ್ಲುತ್ತದೆ. ಮೂರನೆಯ ಚೀಲದಿಂದ ಥೈಮಸ್ ಗ್ರಂಥಿಯೂ (ರೋಗನಿರೋಧಕ ಕಣಗಳು ಪಕ್ವವಾಗುವ ಎದೆಯ ಗ್ರಂಥಿ) ಕೆಳಗಿನ ಎರಡು ಪ್ಯಾರಾಥೈರಾಯ್ಡ್ ಗ್ರಂಥಿಗಳೂ (ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ಕಾಯುವ ಕತ್ತಿನ ಕಿರುಗ್ರಂಥಿಗಳು), ನಾಲ್ಕನೆಯದರಿಂದ ಮೇಲಿನ ಎರಡೂ ಉಂಟಾಗುತ್ತವೆ. ಕೆಳಗಿನ ಚೀಲದಲ್ಲಿ ಹುಟ್ಟಿದವು ಮೇಲೆ, ಮೇಲಿನದರಲ್ಲಿ ಹುಟ್ಟಿದವು ಕೆಳಗೆ ನೆಲೆಸುವುದು ತಿರುವುಮುರುವಾಗಿ ತೋರಬಹುದು, ಆದರೆ ಥೈಮಸ್ ಎದೆಯ ಕಡೆಗೆ ಇಳಿಯುವಾಗ ತನ್ನ ಜೊತೆಗಾರರನ್ನೂ ಕೆಳಕ್ಕೆ ಒಯ್ಯುವುದೇ ಇದಕ್ಕೆ ಕಾರಣ.

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಬಲವಾದ ವಾದವೂ ಇದೆ. ‘ಕಿವಿರು’ ಎಂಬುದನ್ನು ಕೈಬಿಟ್ಟರೆ ಬೆನ್ನೆಲುಬುಳ್ಳ ಪ್ರಾಣಿಗಳೆಲ್ಲ ಹಂಚಿಕೊಂಡಿರುವ ದೇಹವಿನ್ಯಾಸದ ಸುಳಿವೇ ಅಳಿಸಿಹೋಗುತ್ತದೆ ಎಂದು ಕೆಲವರು ಆಕ್ಷೇಪಿಸಬಹುದು. ಸರೀಸೃಪಗಳ ದವಡೆಗೀಲಿನ ಮೂಳೆಗಳಿಗೂ ಸಸ್ತನಿಗಳ ಸುತ್ತಿಗೆ ಮತ್ತು ಅಡಿಗಲ್ಲಿಗೂ ಇರುವ ನಂಟನ್ನು 1837ರಲ್ಲಿ ಜರ್ಮನ್ ಅಂಗರಚನಾಶಾಸ್ತ್ರಜ್ಞ ಕಾರ್ಲ್ ರೈಖರ್ಟ್ ತೋರಿಸಿಕೊಟ್ಟದ್ದು ಭ್ರೂಣದ ಮೊದಲನೆಯ ಕಮಾನನ್ನು ಪರಿಶೀಲಿಸಿಯೇ. ಆದರೆ ಈ ನಂಟನ್ನು ಹೇಳಲು ಕಮಾನು ಎಂಬ ಪದ ಸಾಕು, ಅದರ ಹಿಂದೆ ಕಿವಿರನ್ನು ಸೇರಿಸಬೇಕಾದ ಅಗತ್ಯವಿಲ್ಲ. ‘ಗಂಟಲ ಕಮಾನು’ ಎಂಬುದು ಮೀನಿಗೂ ಮನುಷ್ಯನಿಗೂ ಸಮಾನವಾಗಿ ಹೊಂದುವುದರಿಂದ ಅದೇ ಮೇಲೆಂಬುದು ನನ್ನ ಅಭಿಪ್ರಾಯ. ‘ಗ್ರಸನಿ ಕಮಾನು’ (ಗ್ರಸನಿ ಎಂದರೆ ಗಂಟಲಿನ ಶಾಸ್ತ್ರೀಯ ಹೆಸರು) ಎಂಬ ರೂಪ ಶಾಸ್ತ್ರೀಯವಾಗಿ ಸರಿಯೆನಿಸಿದರೂ ಮೊದಲ ಓದಿಗೆ ಏನನ್ನೂ ತಿಳಿಸುವುದಿಲ್ಲ.

ಇದಕ್ಕೆ ಹೊಂದಿಕೊಂಡಂತೆ ಇನ್ನೊಂದು ಸಂದೇಹವಿದೆ. ಎಂಟನೆಯ ವಾರ ಮುಗಿಯುವ ಹೊತ್ತಿಗೆ ಮುಖ್ಯ ಅಂಗಗಳೆಲ್ಲ ಮೊಳೆತಿರುತ್ತವೆ, ಅಲ್ಲಿಂದ ಮುಂದೆ ಅವು ಹಿಗ್ಗುವುದೂ ಪಕ್ವವಾಗುವುದೂ ಪ್ರಧಾನವಾಗುತ್ತದೆ. ಈ ಎರಡು ಅವಧಿಗಳ ಜೀವವನ್ನೂ ಕನ್ನಡದಲ್ಲಿ ‘ಭ್ರೂಣ’ವೆಂದೇ ಬರೆಯುವುದರಿಂದ ಕಮಾನುಗಳು ಇರುವುದು ಮೊದಲ ಅವಧಿಯಲ್ಲಿ ಮಾತ್ರ ಎಂಬುದು ಓದುಗರಿಗೆ ತಿಳಿಯುವುದೇ ಇಲ್ಲ. ಎರಡನೆಯ ಅವಧಿಗೆ ‘ಗರ್ಭಸ್ಥ ಶಿಶು’ ಎನ್ನುವುದು ಸರಿಹೋಗಬಹುದೇ? ಹಾಗೆಯೇ ಹೊರಗಿನ ತಗ್ಗಿಗೆ ‘ತೋಡು’, ಒಳಗಿನದಕ್ಕೆ ‘ಚೀಲ’ ಎಂದು ಮೇಲೆ ಬಳಸಿದ್ದೇನೆ. ಇವುಗಳಿಗಿಂತ ಒಪ್ಪುವ ಪದಗಳು ಅಂಗರಚನಾಶಾಸ್ತ್ರದ ಪಾಠಗಳಲ್ಲಿ ಈಗಾಗಲೇ ಬಳಕೆಯಲ್ಲಿದ್ದರೆ, ಅವುಗಳನ್ನು ಬಳಸಿದ ವಾಕ್ಯಗಳ ಸಮೇತ ತಿಳಿಸಬೇಕೆಂದು ಕೋರುತ್ತೇನೆ.